ಎರಡನೆಯ ಬೀಗ

ಕ್ಯಾಸಲ್‌ಫರ್ಡಿನ ಶಾಲೆಯೊಂದರ ಅಡುಗೆಮನೆಯಲ್ಲಿ ಲೋರ್ನಾ ಪಿಕರ್ಸ್‌ಗಿಲ್ ತನ್ನ ದುಡಿಮೆಯ ವಯಸ್ಸನ್ನೆಲ್ಲ ಸವೆಸಿದಳು. ಗಂಡ ಡೆಸ್ ಪ್ರವಾಸದ ಬಸ್ಸು ಓಡಿಸುತ್ತಿದ್ದ. ಊರಿನ ಅರ್ಧಕ್ಕರ್ಧ ಮುದುಕಿಯರಿಗೆ ಸಮುದ್ರ ತೋರಿಸಿಕೊಂಡು ಬಂದವನು ಅವನೇ. ಅವರಿಗೆ ಮಕ್ಕಳಾಗಲಿಲ್ಲ. ಆ ಮಾತನ್ನು ಮದುವೆಯ ಮೊದಲ ವರ್ಷಗಳಲ್ಲೇ ಇಬ್ಬರೂ ಆಡಿ ಮುಗಿಸಿದ್ದರು, ಆಮೇಲೆ ಯಾರೂ ಎತ್ತಲಿಲ್ಲ. ರಜೆ ಸಿಕ್ಕಿತೆಂದರೆ ಒಳಗೇ ಉಂಡು ಮಲಗಬಹುದಾದ ಗಾಡಿ, ಚಿಕ್ಕದೊಂದು ಕ್ಯಾರವಾನ್, ಕಾರಿನ ಹಿಂದೆ ಕಟ್ಟಿಕೊಂಡು ಹೊರಟುಬಿಡುತ್ತಿದ್ದರು. ಒಂದು ಭಾನುವಾರ ಕ್ಲಬ್ಬಿನಲ್ಲಿ ಊಟ ಮುಗಿಸಿ ಬಂದು ನೋಡಿದರೆ ಮನೆಯ ಮುಂದೆ ಅದು ಇರಲಿಲ್ಲ. ಮಳೆಯಲ್ಲಿ ನೆನೆದ ಅಂಗಳದಲ್ಲಿ ಅದು ನಿಂತಿದ್ದಷ್ಟು ಜಾಗ ಮಾತ್ರ ಒಣಗಿತ್ತು. ಲೋರ್ನಾಳ ತಾಯಿ ಹೊಲಿದ ಕೌದಿಯೂ ಅದರ ಜೊತೆಗೇ ಕಳ್ಳರ ಪಾಲಾಯಿತು.

ಡೆಸ್ ಕೆಲಸದಿಂದ ನಿವೃತ್ತನಾದಾಗ ದೊಡ್ಡದೇ ಒಂದನ್ನು ಕೊಂಡರು. ಜೋಡಿ ಅಚ್ಚಿನ ಗಾಡಿ, ಬದಿಗೆ ಎರಡೆರಡು ಚಕ್ರ. ಒಳಗೆ ಕಾಲು ಚಾಚಿ ಮಲಗುವಂಥ ಮಂಚ, ಒಲೆ, ಬಿಸಿನೀರಿನ ಬಚ್ಚಲು. ಅದರ ಜೊತೆಗೆ ಡೆಸ್ ಎರಡು ಬೀಗಗಳನ್ನೂ ತಂದ. ಚಕ್ರ ತಿರುಗದಂತೆ ತಡೆಯುವ, ಊಟದ ತಟ್ಟೆಯಷ್ಟು ಅಗಲದ ಕೆಂಪು ಕಬ್ಬಿಣದ ಬೀಗಗಳು, ಒಂದೊಂದು ಅಚ್ಚಿಗೆ ಒಂದೊಂದು.

ಈ ಬೀಗ ಹಾಕುವುದು ಬಾಗಿಲಿಗೆ ಬೀಗ ಹಾಕಿದಷ್ಟು ಸುಲಭವಲ್ಲ. ಚಕ್ರದಲ್ಲಿರುವ ಕಿಂಡಿಯೂ ಅದರ ಹಿಂದೆ ಅಚ್ಚಿಗೆ ಕೂರಿಸಿರುವ ತೂತೂ ಒಂದಕ್ಕೊಂದು ನೇರ ಬಂದರೆ ಮಾತ್ರ ಅದು ಒಳಗೆ ಹೋಗುತ್ತದೆ. ಮೊದಲನೆಯ ಚಕ್ರಕ್ಕೆ ಡೆಸ್ ಕಾರಿನಿಂದ ಇಡೀ ಗಾಡಿಯನ್ನೇ ಬೆರಳಗಲ ಬೆರಳಗಲ ಮುಂದೆ ಎಳೆಯಬೇಕು. ಲೋರ್ನಾ ನೆಲಕ್ಕೆ ಮೊಣಕಾಲೂರಿ, ಒಂದು ಕಣ್ಣು ಮುಚ್ಚಿ, ಕಿಂಡಿಯಲ್ಲಿ ಇಣುಕುತ್ತಿದ್ದಳು.

"ಇನ್ನೊಂಚೂರು ಮುಂದೆ. ಇನ್ನೊಂಚೂರು. ನಿಲ್ಸು. ನಿಲ್ಸು ಅಂದ್ನಲ್ಲ, ಹ್ಯಾಲಿಫ್ಯಾಕ್ಸ್‌ಗೇ ಹೋಗ್ಬಿಡ್ತೀಯೇನು?"

"ಬಸ್ ತುಂಬ ಮುದುಕೀರ್ನ ಕೂರಿಸ್ಕೊಂಡು ವಿಟ್ಬಿ ಇಳಿಜಾರು ಇಳ್ಸಿದೋನು ನಾನು. ನಂಗೇ ನಿಲ್ಸೋದು ಹೇಳ್ಕೊಡ್ತೀಯಾ ಹುಡುಗಿ?"

ಎರಡನೆಯದು ಡೆಸ್‌ನ ಪಾಲಿನ ಕೆಲಸ. ಮೊದಲ ಚಕ್ರ ಸರಿಯಾಗಿ ಕೂತಾಗ ಎರಡನೆಯದು ಎಂದೂ ಸರಿಯಾಗಿ ಕೂತಿರುವುದಿಲ್ಲ, ಗಾಡಿಯನ್ನು ಇನ್ನು ಎಳೆಯುವಂತೆಯೂ ಇಲ್ಲ. ಆದ್ದರಿಂದ ಜಾಕಿ ಕೊಟ್ಟು ಎತ್ತಲೇಬೇಕು. ಗಾಡಿ ಅಲುಗದಂತೆ ನಾಲ್ಕು ಮೂಲೆಯಲ್ಲೂ ನೆಲಕ್ಕೆ ಇಳಿಸಿರುವ ಊರುಗಾಲುಗಳನ್ನು ಮೇಲಕ್ಕೆ ಸುತ್ತಿ, ಆಚೆ ಬದಿಯ ಚಕ್ರಗಳು ಉರುಳದಂತೆ ಅಡೆ ಕೊಟ್ಟು, ಕೈಬ್ರೇಕು ಬಿಟ್ಟು, ನೆಲ ಮೆತ್ತಗಿದ್ದರೆ ಜಾಕಿಯ ಅಡಿಗೆ ದಪ್ಪ ಹಲಗೆಯಿಟ್ಟು, ಕಬ್ಬಿಣದ ಚೌಕಟ್ಟಿಗೇ ತಾಗುವಂತೆ ಎತ್ತಬೇಕು. ಚಕ್ರ ನೆಲ ಬಿಟ್ಟ ಮೇಲೆ ಕೈಯಲ್ಲಿ ತಿರುಗಿಸಿ ಕಿಂಡಿ ಸೇರಿಸಿದರೆ ಬೀಗ ತಾನಾಗಿ ಒಳಕ್ಕೆ ಜಾರುತ್ತಿತ್ತು. ಡೆಸ್ ಇದನ್ನೆಲ್ಲ ಶಿಳ್ಳೆ ಹಾಕಿಕೊಂಡೇ ಮುಗಿಸಿಬಿಡುತ್ತಿದ್ದ. ಮುಗಿಸಿ, ಚಕ್ರವನ್ನು ಬೂಟಿನಿಂದ ಒದ್ದು, "ಇನ್ನು ಯಾವ ಕಳ್ಳನ ಮಗ ಬರ್ತಾನೋ ಬರ್ಲಿ" ಎನ್ನುತ್ತಿದ್ದ. ಅಷ್ಟು ಹೊತ್ತಿಗೆ ಲೋರ್ನಾ ಚಹಾ ಮಾಡಿರುತ್ತಿದ್ದಳು.

ಹೀಗೆ ಕೆಲವು ವರ್ಷ ಚೆನ್ನಾಗಿಯೇ ನಡೆಯಿತು.

ಒಂದು ವಸಂತದಲ್ಲಿ ಡೇಲ್ಸ್ ಕಣಿವೆಗಳ ಕಡೆಯ ಹೊಲವೊಂದರಲ್ಲಿ ಗಾಡಿ ನಿಲ್ಲಿಸಿದ್ದರು. ಲೋರ್ನಾ ಚಹಾ ಹಿಡಿದು ಹೊರಗೆ ಬಂದಾಗ ಡೆಸ್ ಹಿಂದಿನ ಚಕ್ರವನ್ನು ಎತ್ತಿ ನಿಲ್ಲಿಸಿ, ಬೀಗವನ್ನು ತೊಡೆಯ ಮೇಲಿಟ್ಟುಕೊಂಡು ಹುಲ್ಲಿನಲ್ಲಿ ಕೂತಿದ್ದ.

"ಏನಾಯ್ತು?"

"ಏನಿಲ್ಲ. ಇದು ಯಾವ ಕಡೆಯಿಂದ ಹೋಗತ್ತೆ ಅಂತ ನೋಡ್ತಿದ್ದೆ."

"ಕೆಂಪು ಮುಖ ಹೊರಗೆ. ನಿನ್ ಮುಖದ ಥರ."

ಇಬ್ಬರೂ ನಕ್ಕರು. ನಗು ನಿಂತ ಮೇಲೂ ಅವನು ಬೀಗವನ್ನು ತಿರುಗಿಸಿ ತಿರುಗಿಸಿ ನೋಡುತ್ತಲೇ ಇದ್ದ. ಚಹಾ ಆರಿಹೋಯಿತು.

ಅದೇ ಬೇಸಗೆಯಲ್ಲಿ ಅವನು ಜಾಕಿಯನ್ನು ಚೌಕಟ್ಟಿಗೆ ಕೊಡುವ ಬದಲು ಬರೀ ನೆಲದ ಹಲಗೆಯ ಅಡಿಗೆ ಕೊಟ್ಟು ಎತ್ತಿದ. ಒಳಗೆ ಬೇಕನ್ ಹುರಿಯುತ್ತಿದ್ದ ಲೋರ್ನಾಳ ಕಾಲ ಬಳಿಯೇ ಹಲಗೆ ಲಟಲಟನೆ ಸೀಳಿ ಉಬ್ಬಿತು. ಓಡಿಬಂದು ನೋಡಿದರೆ ಡೆಸ್ ಇನ್ನೂ ಹಿಡಿಕೆ ತಿರುಗಿಸುತ್ತಲೇ ಇದ್ದ. ಅವಳು ಕೈ ಹಿಡಿದು ನಿಲ್ಲಿಸಿದಳು. ಅವನು ತಲೆಯೆತ್ತಿ ನೋಡಿದಾಗ ಅವನ ಮುಖದಲ್ಲಿ ತಪ್ಪು ಮಾಡಿದ ನಾಚಿಕೆಯೂ ಇರಲಿಲ್ಲ. ಊರಿಗೆ ಮರಳಿದವಳೇ ಅವಳು ಅವನನ್ನು ವೈದ್ಯರ ಬಳಿ ಕರೆದೊಯ್ದಳು.

ವೈದ್ಯೆ ಚಿಕ್ಕ ವಯಸ್ಸಿನವಳು, ಒಳ್ಳೆಯವಳು. ಕ್ಯಾಸಲ್‌ಫರ್ಡಿನಿಂದ ಸ್ಕಾರ್ಬರೋಗೆ ಹೇಗೆ ಹೋಗೋದು ಹೇಳ್ತೀರಾ ಎಂದು ಕೇಳಿದಳು. ಡೆಸ್ ಒಂದು ತಿರುವನ್ನೂ ಬಿಡದೆ ಹೇಳಿದ. ಎಲ್ಲಿ ಚಹಾಕ್ಕೆ ನಿಲ್ಲಿಸಬೇಕು, ಯಾವ ಹೋಟೆಲಿನವನು ಹೆಂಗಸರ ಶೌಚಾಲಯಕ್ಕೆ ಬೀಗ ಹಾಕಿಕೊಂಡಿರುತ್ತಾನೆ ಎಂಬುದನ್ನೂ ಸೇರಿಸಿದ. ಲೋರ್ನಾಗೆ ಹೆಮ್ಮೆಯಾಯಿತು. ಆಮೇಲೆ ವೈದ್ಯೆ, "ಇವತ್ತು ಇಲ್ಲಿಗೆ ಹೇಗೆ ಬಂದ್ರಿ?" ಎಂದಳು. ಡೆಸ್ ಕಿಟಕಿಯ ಕಡೆ ನೋಡಿದ. ಆಮೇಲೆ ಲೋರ್ನಾಳ ಕಡೆ ನೋಡಿದ.

ಇನ್ನು ಗಾಡಿ ಓಡಿಸುವಂತಿಲ್ಲ ಎಂದರು. ಮರೆವಿನ ಕಾಯಿಲೆಯ ಹೆಸರು ಕೇಳಿದಾಗ ಅಳದ ಡೆಸ್ ಆ ಮಾತಿಗೆ ಅತ್ತ.

ಲೋರ್ನಾ ಕಾರು ಕಲಿತದ್ದೇ ತಡವಾಗಿ. ಅಂಗಡಿ, ಆಸ್ಪತ್ರೆ ಎಂದು ಹೋಗಿ ಬರುತ್ತಿದ್ದಳೇ ಹೊರತು ಕ್ಯಾರವಾನ್ ಎಳೆಯುವ ಧೈರ್ಯ ಅವಳಿಗಿರಲಿಲ್ಲ. ಆದರೆ ಊರಿನ ಮನೆಯಲ್ಲಿ ಡೆಸ್ ಬೋನಿನಲ್ಲಿಟ್ಟವನಂತೆ ಗೋಡೆಯಿಂದ ಗೋಡೆಗೆ ಅಲೆಯುತ್ತಿದ್ದ. ಕ್ಯಾರವಾನಿನಲ್ಲಿ ಮಾತ್ರ ಅವನಿಗೆ ಯಾವ ಕಪಾಟು ಎಲ್ಲಿದೆ ಎಂಬುದು ಕೈಗೆ ಗೊತ್ತಿತ್ತು. ಆದ್ದರಿಂದ ಗ್ಯಾರೇಜಿನವನೊಬ್ಬನ ಕೈಯಲ್ಲಿ ಎಳೆಸಿ, ಹಲ್ ಎಂಬ ಬಂದರಿನ ಊರಿಗೆ ಆಚೆ, ಸಮುದ್ರದ ದಂಡೆಯ ಮೇಲಿನ ಕ್ಯಾರವಾನ್ ಮೈದಾನವೊಂದರಲ್ಲಿ ಅದನ್ನು ತಂದು ನಿಲ್ಲಿಸಿದಳು. ಆ ಕಡೆಯ ದಂಡೆಯೆಲ್ಲ ಜೇಡಿಮಣ್ಣು, ಚಳಿಗಾಲ ಬಂತೆಂದರೆ ತುಂಡು ತುಂಡಾಗಿ ಸಮುದ್ರಕ್ಕೆ ಬೀಳುತ್ತದೆ. ಮೈದಾನದವರು ವರ್ಷ ವರ್ಷ ಗಾಡಿಗಳ ಮುಂದಿನ ಸಾಲನ್ನು ಹಿಂದಕ್ಕೆ ಸರಿಸುತ್ತಾರೆ. ಯಾರೂ ಅದನ್ನು ದೊಡ್ಡ ವಿಷಯ ಮಾಡುವುದಿಲ್ಲ.

ಪಕ್ಕದ ಗಾಡಿಯಲ್ಲಿ ಐವರ್ ಸ್ಟಾಥರ್ಸ್ ಇದ್ದ. ಹಲ್‌ನ ಮೀನು ಹಡಗುಗಳಲ್ಲಿ ದುಡಿದು ಒಂದೆರಡು ಬೆರಳುಗಳನ್ನು ಐಸ್‌ಲ್ಯಾಂಡಿನ ನೀರಿನಲ್ಲಿ ಬಿಟ್ಟುಬಂದವನು. ಡೆಸ್‌ನ ಮಾತಿಗೆ ತಲೆಬುಡ ಇದೆಯೋ ಇಲ್ಲವೋ ನೋಡುತ್ತಿರಲಿಲ್ಲ, ಹೂಂಗುಟ್ಟುತ್ತ ಪಕ್ಕದಲ್ಲಿ ಕೂತಿರುತ್ತಿದ್ದ. ಮೈದಾನದ ತುಂಬ ಇಂಥ ಮುದುಕ ಮುದುಕಿಯರೇ ಇದ್ದುದರಿಂದ ಲೋರ್ನಾ ಚಕ್ರಗಳಿಗೆ ಬೀಗ ಹಾಕುವುದನ್ನೇ ಬಿಟ್ಟಿದ್ದಳು. ಎರಡೂ ಮಂಚದ ಕೆಳಗೆ ಬಿದ್ದಿದ್ದವು.

ಜೂನಿನ ಒಂದು ಬೆಳಿಗ್ಗೆ ಬಟ್ಟಲುಗಳು ಕಪಾಟಿನಿಂದ ಉರುಳಿ ಬಿದ್ದ ಸದ್ದಿಗೆ ಅವಳಿಗೆ ಎಚ್ಚರವಾಯಿತು. ಮಂಚ ಅಲುಗುತ್ತಿತ್ತು. ಗಾಡಿಗೆ ಕಟ್ಟಿದ್ದ ಗುಡಾರ ಪರ್ರನೆ ಹರಿಯಿತು. ಕಿಟಕಿಯಲ್ಲಿ ಐವರ್‌ನ ಗಾಡಿ ಹಿಂದಕ್ಕೆ ಸರಿದುಹೋಯಿತು. ಅವಳು ರಾತ್ರಿಯ ಅಂಗಿಯಲ್ಲೇ ಬಾಗಿಲು ತೆರೆದು, ಡೆಸ್‌ನ ಹೆಸರು ಹಿಡಿದು ಕೂಗಿದಳು. ಕಾರಿನ ಕೀಲಿಯನ್ನು ಅವಳು ಹಿಟ್ಟಿನ ಡಬ್ಬಿಯಲ್ಲಿ ಬಚ್ಚಿಟ್ಟಿದ್ದಳು. ಅವನು ಅದನ್ನು ಹೇಗೆ ಹುಡುಕಿದನೋ, ಕೊಂಡಿ ಹಾಕಿ, ಊರುಗಾಲುಗಳನ್ನು ಮಾತ್ರ ಎತ್ತದೆ ಹೊರಟುಬಿಟ್ಟಿದ್ದ. ಊರುಗಾಲುಗಳು ನೆಲವನ್ನು ಉಳುತ್ತ ಬರುತ್ತಿದ್ದವು. ಮುಂದೆ, ನೀರು ಹಿಡಿಯುವ ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಬಕೆಟ್ ಹಿಡಿದು ನಿಂತಿದ್ದರು. ಐವರ್ ಒಳಚಡ್ಡಿಯಲ್ಲೇ ಓಡಿಬಂದು ಕಾರಿನ ಎದುರು ಎರಡು ಕೈಗಳನ್ನೂ ಚಾಚಿ ನಿಂತ. ಕಾರು ಅವನ ಮೊಣಕಾಲಿಗೆ ತಾಗಿ ನಿಂತಿತು.

"ಎಲ್ಲಿಗೋ ಹೊರಟೆ ಮಾರಾಯ?" ಐವರ್ ಕೇಳಿದ.

"ಜನ ಕಾಯ್ತಿದಾರೆ," ಎಂದ ಡೆಸ್. "ಚರ್ಚ್ ಹೆಂಗಸ್ರು. ಮಳೇಲಿ ನಿಂತಿರ್ತಾರೆ."

ಮಳೆ ಇರಲಿಲ್ಲ. ಐವರ್ ಕಿಟಕಿಯಿಂದ ಕೈ ಹಾಕಿ ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿದ. ಮೈದಾನ ನೋಡಿಕೊಳ್ಳುವ ಶೀನಾ ಎಂಬಾಕೆ ಬಂದು, ಬೈಯಲಾರದೆ, ಲೋರ್ನಾಗೆ ಒಂದು ಕೋಟು ಹೊದಿಸಿದಳು. "ನಂಗೆ ನಿಮ್ಮನ್ನ ಕಳಿಸೋ ಮನಸ್ಸಿಲ್ಲ ಲೋರ್ನಾ," ಎಂದಳು. "ಆದ್ರೆ ಇನ್ನೊಂದ್ಸಲ ಹೀಗಾದ್ರೆ ನನ್ ಕೈಲಿ ಏನೂ ಇರಲ್ಲ. ಮೊಮ್ಮಕ್ಳನ್ನ ಕರ್ಕೊಂಡು ಬರೋರು ಇದಾರೆ."

ಮಧ್ಯಾಹ್ನ ಮೈದಾನದ ಟ್ರ್ಯಾಕ್ಟರು ಗಾಡಿಯನ್ನು ಹಿಂದಕ್ಕೆ ಎಳೆದು ತಂದಿತು. ಲೋರ್ನಾ ಮಂಚದ ಕೆಳಗಿನಿಂದ ಬೀಗಗಳನ್ನು ಎಳೆದುಕೊಂಡು, ಎಂದಿನಂತೆ ಮೊಣಕಾಲೂರಿ ಕೂತು, ಟ್ರ್ಯಾಕ್ಟರಿನವನಿಗೆ ಮುಂದೆ, ಮುಂದೆ, ನಿಲ್ಸು ಎಂದು ಹೇಳಿ ಮುಂದಿನ ಚಕ್ರಕ್ಕೆ ಮೊದಲನೆಯದನ್ನು ಹಾಕಿದಳು. ಕೀಲಿ ತಿರುಗಿತು. ಎರಡನೆಯದಕ್ಕೆ ಜಾಕಿ ಬೇಕಾಗಿತ್ತು.

"ಕೊಡಿಲ್ಲಿ, ನಾನ್ ಮಾಡ್ತೀನಿ," ಎಂದ ಐವರ್.

"ಬೇಡ. ನಾನೇ ಮಾಡ್ಬೇಕು."

ಐವರ್ ಟ್ರ್ಯಾಕ್ಟರಿನ ಹಿಂದೆ ನಡೆದುಹೋದ.

ಅಷ್ಟು ವರ್ಷ ಪಕ್ಕದಲ್ಲಿ ನಿಂತು ನೋಡಿದ್ದರೂ ಕೈಗೆ ಆ ಕೆಲಸ ಹೊಸದು. ಊರುಗಾಲುಗಳಲ್ಲಿ ಒಂದು ಬೆಳಗಿನ ಪೆಟ್ಟಿಗೆ ಬಾಗಿಹೋಗಿತ್ತು, ಅದನ್ನು ಒದ್ದು ಒದ್ದು ಮೇಲಕ್ಕೆತ್ತಿದಳು. ಆಚೆ ಬದಿಗೆ ಅಡೆ ಕೊಟ್ಟಳು. ಹಲಗೆಯನ್ನು ಜೇಡಿಮಣ್ಣಿಗೆ ಒತ್ತಿ ಕೂರಿಸಿ, ಚೌಕಟ್ಟನ್ನು ಕೈಯಿಂದ ತಡವಿ ಹುಡುಕಿ, ಜಾಕಿಯನ್ನು ಅದಕ್ಕೆ ಕೊಟ್ಟು ಹಿಡಿಕೆ ತಿರುಗಿಸತೊಡಗಿದಳು. ಗಾಡಿ ನರಳಿತು. ಅವಳ ಭುಜ ಸೋತಿತು. ಚಕ್ರ ನೆಲ ಬಿಡುವ ಹೊತ್ತಿಗೆ ಬಾಗಿಲು ತೆರೆದು ಡೆಸ್ ಹೊರಗೆ ಬಂದ. ನಿದ್ದೆ ಮಾಡಿ ಎದ್ದಿದ್ದ. ಬೆಳಗಿನದೇನೂ ಅವನಲ್ಲಿ ಉಳಿದಿರಲಿಲ್ಲ.

ಅವಳ ಕೈ ಹಾಗೇ ನಿಂತಿತು. ಅವನು ಜಾಕಿ ನೋಡಿದ, ಬೀಗ ನೋಡಿದ. ಆಮೇಲೆ ಮೊಣಕಾಲಿಗೆ ಕೈಕೊಟ್ಟುಕೊಂಡು ಮೆಲ್ಲಗೆ ಅವಳ ಪಕ್ಕ ಕೂತು, ಒಂದು ಕಣ್ಣು ಮುಚ್ಚಿ, ಕಿಂಡಿಯಲ್ಲಿ ಇಣುಕಿದ.

"ತಿರುಗಿಸು ಹುಡುಗಿ," ಎಂದ. "ಇನ್ನೊಂಚೂರು. ಇನ್ನೊಂಚೂರು. ಹಾಂ, ನಿಲ್ಸು."

ಅವಳು ಬೀಗ ಒಳಗೆ ತಳ್ಳಿದಳು. ಸರಿಯಾಗಿ ಕೂತಿತು. ಅವನೇ ಅದನ್ನು ಅಂಗೈಯಿಂದ ಅದುಮಿ ಹಿಡಿದ, ಅವಳು ಕೀಲಿ ತಿರುಗಿಸಿದಳು. ಜಾಕಿ ಇಳಿಸಿದ ಮೇಲೆ ಡೆಸ್ ಎದ್ದು ನಿಂತು ಚಕ್ರಕ್ಕೆ ಬೂಟಿನಿಂದ ಒಂದು ಒದೆ ಕೊಟ್ಟ. ಅವನ ಮುಖದಲ್ಲಿ ತಿಂಗಳುಗಳಿಂದ ಕಾಣದ ತೃಪ್ತಿ ಇತ್ತು.

"ಇನ್ನು ಯಾವನೂ ಒಯ್ಯಲ್ಲ ಬಿಡು."

"ಇಲ್ಲ," ಎಂದಳು ಲೋರ್ನಾ. "ಯಾವನೂ ಒಯ್ಯಲ್ಲ."

ಬಟ್ಟೆ ಒಗೆಯುವ ಕೋಣೆಗೆ ಹೋಗಿ, ನೀರು ಬಿಟ್ಟುಕೊಂಡು, ಆ ಸದ್ದಿನಲ್ಲಿ ಅವಳು ಅತ್ತಳು. ಹೊರಗೆ ಸರದಿಯಲ್ಲಿ ನಿಂತಿದ್ದವರು ಬಾಗಿಲು ತಟ್ಟಲಿಲ್ಲ.

ಡೆಸ್‌ನ ತೃಪ್ತಿ ಆ ದಿನಕ್ಕೆ ಮುಗಿಯಿತು. ಮಾರನೆಯ ದಿನದಿಂದ ಅವನು ಗಾಡಿಯ ಸುತ್ತ ಸುತ್ತತೊಡಗಿದ. ಕೆಂಪು ತಟ್ಟೆಗಳ ಮುಂದೆ ಕುಕ್ಕರಗಾಲಿನಲ್ಲಿ ಕೂತು ಉಗುರು ಹಾಕಿ ಕೀಳಲು ನೋಡುತ್ತಿದ್ದ. ಬಂದುಹೋಗುವವರನ್ನೆಲ್ಲ ನಿಲ್ಲಿಸಿ, "ನನ್ ಗಾಡಿಗೆ ಯಾರೋ ಬೀಗ ಜಡಿದಿದಾರೆ ನೋಡಿ" ಎನ್ನುತ್ತಿದ್ದ. ಕೆಲವು ದಿನ ಅದು ಮೈದಾನದವರ ಕೆಲಸ, ಕೆಲವು ದಿನ ಪೊಲೀಸರದು. ಬೇಸಗೆ ಕಳೆಯುವ ಹೊತ್ತಿಗೆ ಅದು ಲೋರ್ನಾಳದೇ ಎಂಬುದು ಅವನಿಗೆ ಗಟ್ಟಿಯಾಯಿತು.

"ನೀನೇ ಹಾಕಿದ್ದು."

"ನಾವಿಬ್ರೂ ಸೇರಿ ಹಾಕಿದ್ವಿ ಡೆಸ್."

"ಸುಳ್ಳು. ನಾನ್ಯಾಕೆ ನನ್ ಗಾಡಿಗೇ ಬೀಗ ಹಾಕ್ಲಿ? ಕೀಲಿ ಕೊಡು."

ಕೀಲಿ ಅವಳ ಕುತ್ತಿಗೆಯಲ್ಲಿತ್ತು, ಅಂಗಿಯ ಒಳಗೆ. ಒಮ್ಮೆ ಅವನು ಅವಳ ಕೈ ತಿರುಚಿದ. ಜೀವಮಾನದಲ್ಲಿ ಬೆರಳೆತ್ತದವನು. ತೋಳಿನ ಮೇಲಿನ ನೀಲಿ ಗುರುತನ್ನು ಐವರ್ ನೋಡಿ, "ಎಷ್ಟು ದಿನ ಅಂತ ಹೀಗೆ?" ಎಂದ. ಅವಳು ಅವನಿಗೆ ಇನ್ನೊಂದು ತುಂಡು ಕೇಕು ಬಡಿಸಿದಳು. ತನ್ನ ಬುದ್ಧಿಗೆ ತಿಳಿದದ್ದನ್ನು ಬಾಯಿಬಿಟ್ಟು ಹೇಳಿದರೆ ಮಾಡಲೇಬೇಕಾಗುತ್ತದೆ ಎಂಬ ಭಯ ಅವಳಿಗೆ. ಕೀಲಿ ಕೊಟ್ಟು ಹೋಗಲಿ ಬಿಡು ಎನ್ನಲೂ ಆಗದು, ಅವನನ್ನು ಎಲ್ಲಿಗಾದರೂ ಸೇರಿಸೋಣ ಎನ್ನಲೂ ಆಗದು. ಹಾಗೆ ಸೆಪ್ಟೆಂಬರ್ ಬಂತು, ಮಳೆಯೂ ಹಿಡಿಯಿತು.

ಅವಳು ಸ್ನಾನದ ಕೋಣೆಯಲ್ಲಿ ತಲೆ ತೊಳೆದುಕೊಳ್ಳುತ್ತಿದ್ದಳು. ಹೊರಟಾಗ ಡೆಸ್ ಕಿಟಕಿಯ ಬಳಿ ರೊಟ್ಟಿ ತಿನ್ನುತ್ತ ಕೂತಿದ್ದ. ಜಾಕಿಯನ್ನು ಅವಳು ಗಾಡಿಯ ಮುಂದಿನ ಪೆಟ್ಟಿಗೆಯಲ್ಲಿ, ಗ್ಯಾಸಿನ ಸಿಲಿಂಡರಿನ ಹಿಂದೆ ಇಟ್ಟಿದ್ದಳು. ಬಚ್ಚಿಡಬೇಕೆಂದು ತೋಚಿರಲಿಲ್ಲ. ಹೊರಗೆ ಐವರ್‌ನ ಕೂಗು ಕೇಳಿತು. ಆ ಮನುಷ್ಯ ಎಂದೂ ಕೂಗುವವನಲ್ಲ. ಅವಳು ತಲೆಯಲ್ಲಿ ಸಾಬೂನು ಇದ್ದ ಹಾಗೆಯೇ ಓಡಿದಳು.

ಡೆಸ್ ಹಿಂದಿನ ಚಕ್ರವನ್ನು ಎತ್ತಿದ್ದ. ಕೈ ಮರೆತಿರಲಿಲ್ಲ, ಜಾಕಿ ಕೊಟ್ಟ ಜಾಗವೂ ಸರಿಯಾಗಿತ್ತು. ಬೀಗ ಬರದಿದ್ದರೆ ಚಕ್ರವನ್ನೇ ಕಳಚೋಣ ಎಂದುಕೊಂಡಿದ್ದನೋ ಏನೋ. ಆದರೆ ಅಡೆ ಕೊಟ್ಟಿರಲಿಲ್ಲ, ನೆನೆದ ಜೇಡಿಮಣ್ಣಿನ ಮೇಲೆ ಹಲಗೆಯನ್ನೂ ಇಟ್ಟಿರಲಿಲ್ಲ. ಜಾಕಿ ಒಂದು ಕಡೆಗೆ ಕುಸಿದು, ಗಾಡಿ ಓರೆಯಾಗಿ ಕೂತಿತ್ತು. ಟೈರಿಗೂ ಅದರ ಮೇಲಿನ ತಗಡಿಗೂ ನಡುವೆ ಅವನ ಬಲಗೈ ಸಿಕ್ಕಿಕೊಂಡಿತ್ತು. ಕೆಸರಿನಲ್ಲಿ ಕೆನ್ನೆಯಿಟ್ಟು ಮಲಗಿದ್ದ. ಕೂಗುತ್ತಿರಲಿಲ್ಲ. ಐವರ್ ಇನ್ನೊಂದು ಜಾಕಿ ತರಲು ತನ್ನ ಗಾಡಿಗೆ ಓಡಿದ. ಲೋರ್ನಾ ಕೆಸರಿನಲ್ಲೇ ಕೂತು ಡೆಸ್‌ನ ತಲೆಯನ್ನು ತೊಡೆಗೆ ತೆಗೆದುಕೊಂಡಳು.

"ತಡವಾಯ್ತು," ಎಂದ ಅವನು.

"ಇಲ್ಲ, ಬಂದ್ಬಿಟ್ಟ ಐವರ್."

"ನೀವ್ಯಾರು ಗೊತ್ತಾಗ್ಲಿಲ್ಲಮ್ಮ," ಎಂದ ಡೆಸ್, ಬಹಳ ಮರ್ಯಾದೆಯಿಂದ. "ನನ್ ಹೆಂಡ್ತಿಗೊಂದು ಮಾತು ಹೇಳ್ತೀರಾ? ಗಾಡಿಗೆ ಬೀಗ ಹಾಕ್ಬಿಟ್ಟಿದಾರೆ, ಬರೋಕಾಗ್ತಿಲ್ಲ ಅಂತ."

"ಹೇಳ್ತೀನಿ," ಎಂದಳು ಅವಳು.

ಹಲ್‌ನ ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಮದ್ದಿನ ಮಂಪರಿನಿಂದ ಎದ್ದವನು ಮೊದಲಿದ್ದಷ್ಟೂ ಉಳಿದಿರಲಿಲ್ಲ. ಅಲ್ಲಿಂದ ಅವನನ್ನು ಕರೆದೊಯ್ದದ್ದು ಅದೇ ಊರಿನ ಆರೈಕೆಯ ಮನೆಯೊಂದಕ್ಕೆ. ಮನೆ ಚೊಕ್ಕಟವಾಗಿತ್ತು, ನೋಡಿಕೊಳ್ಳುವವರು ಕೆಟ್ಟವರಲ್ಲ. ಯಾರೂ ಲೋರ್ನಾಳನ್ನು ದೂರಲಿಲ್ಲ. ಬೀಗ ಹಾಕಿದ್ದರಿಂದಲೇ ಯಾರ ಪ್ರಾಣವೂ ಹೋಗಲಿಲ್ಲ ಎಂದು ಶೀನಾ ಹೇಳಿದಳು, ಐವರ್ ಹೇಳಿದ, ವೈದ್ಯೆಯೂ ಹೇಳಿದಳು. ಎಲ್ಲರೂ ಹೇಳಿದ್ದು ನಿಜವೇ. ಆದರೆ ರಾತ್ರಿ ಒಬ್ಬಳೇ ಮಲಗಿದಾಗ ಅವಳ ಕಿವಿಯಲ್ಲಿ ಕೇಳುತ್ತಿದ್ದದ್ದು ಆ ಮಾತುಗಳಲ್ಲ. ತಿರುಗಿಸು ಹುಡುಗಿ, ಇನ್ನೊಂಚೂರು.

ನವೆಂಬರಿನಲ್ಲಿ ದಂಡೆಯ ದೊಡ್ಡ ತುಂಡೊಂದು ಕುಸಿಯಿತು. ಮುಂದಿನ ಸಾಲಿನ ಗಾಡಿಗಳನ್ನೆಲ್ಲ ತೆಗೆಯಬೇಕೆಂದು ಶೀನಾ ಹೇಳಿಕಳಿಸಿದಳು. ಕ್ಯಾರವಾನನ್ನು ಇಟ್ಟುಕೊಳ್ಳಲು ಲೋರ್ನಾಗೆ ಇನ್ನು ಕಾರಣವೂ ಇರಲಿಲ್ಲ. ಮಾರಿಬಿಟ್ಟಳು. ಕೊಂಡವರು ಬರುವ ದಿನ ಅವಳು ಬೀಗಗಳನ್ನು ತೆಗೆದಳು. ಮುಂದಿನದು ಬಂತು. ಹಿಂದಿನದು ಗಾಡಿಯ ಓಲಾಟಕ್ಕೆ ಕಚ್ಚಿಕೊಂಡಿತ್ತು, ಮತ್ತೆ ಜಾಕಿ ಕೊಟ್ಟು ಎತ್ತಬೇಕಾಯಿತು. ಐವರ್ ಹಲಗೆ ಹಿಡಿದುಕೊಟ್ಟ, ಈ ಸಲ ಬೇಡವೆನ್ನಲಿಲ್ಲ ಅವಳು. ತಗಡಿನ ಒಳಬದಿಯಲ್ಲಿ ಇನ್ನೂ ಕಪ್ಪಗೆ ಅಂಟಿಕೊಂಡಿದ್ದನ್ನು ಅವನು ಕಾಣದವನಂತೆ ಬಟ್ಟೆಯಿಂದ ಒರೆಸಿದ.

ಕೊಂಡವರು ಗಂಡ ಹೆಂಡತಿ, ಲೀಡ್ಸ್ ಕಡೆಯವರು, ನಗುನಗುತ್ತ ಮಾತಾಡುವವರು. "ಈ ಬೀಗ ಹಾಕೋದು ಕಷ್ಟಾನಾ?" ಎಂದು ಆ ಹೆಂಗಸು ಕೇಳಿದಳು.

"ಇಬ್ರಿದ್ರೆ ಕಷ್ಟ ಏನಿಲ್ಲ," ಎಂದಳು ಲೋರ್ನಾ. ಕುತ್ತಿಗೆಯಿಂದ ಕೀಲಿ ತೆಗೆದು ಆಕೆಯ ಕೈಗಿಟ್ಟಳು.

ಕ್ಯಾಸಲ್‌ಫರ್ಡಿನ ಮನೆ ಬಿಟ್ಟು ಅವಳು ಹಲ್‌ನಲ್ಲಿ, ಆರೈಕೆಯ ಮನೆಗೆ ಬಸ್ಸಿನಲ್ಲಿ ಹೋಗಿಬರುವಷ್ಟು ದೂರದಲ್ಲಿ, ಚಿಕ್ಕ ಹೋಟೆಲೊಂದರ ಮೇಲಿನ ಕೋಣೆಯನ್ನು ಹಿಡಿದಳು. ಬೆಳಿಗ್ಗೆ ಕೆಳಗಿನ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾಳೆ, ಮಧ್ಯಾಹ್ನ ಡೆಸ್‌ನ ಬಳಿ ಹೋಗಿ ಕೂತುಕೊಳ್ಳುತ್ತಾಳೆ. ಚಳಿಗಾಲ ಮುಗಿಯುವುದರೊಳಗೆ ಅವನು ಮಾತಾಡುವುದನ್ನು ಬಿಟ್ಟ. ಕಸ್ಟರ್ಡ್ ತಿನ್ನಿಸಿದರೆ ಬಾಯಿ ತೆರೆಯುತ್ತಾನೆ, ಯಾರು ತಿನ್ನಿಸಿದರೂ ತೆರೆಯುತ್ತಾನೆ. ಐವರ್ ಒಮ್ಮೆ ಬಂದಿದ್ದ. ಬಹಳ ಹೊತ್ತು ಕೂತು, ಹೊರಡುವಾಗ ಮೊಗಸಾಲೆಯಲ್ಲಿ ಟೋಪಿಯನ್ನು ತಿರುವುತ್ತ ನಿಂತು, ಇನ್ನು ಬರಲ್ಲ ಲೋರ್ನಾ, ತಪ್ಪು ತಿಳ್ಕೋಬೇಡ ಎಂದ. ಅವಳು ತಪ್ಪು ತಿಳಿಯಲಿಲ್ಲ.

ಈಸ್ಟರ್ ಹಬ್ಬ ಕಳೆದ ವಾರ ಅವಳು ಹೊರಡುವ ಹೊತ್ತಿಗೆ ದಾದಿಯೊಬ್ಬಳು ಒಂದು ಪ್ಲಾಸ್ಟಿಕ್ ಚೀಲ ತಂದುಕೊಟ್ಟಳು. ಒಳಗೆ ಡೆಸ್‌ನ ಶೂಗಳಿದ್ದವು.

"ಇಲ್ಲಿ ಜಾಗ ಕಮ್ಮಿ," ಎಂದಳು ದಾದಿ ಸಂಕೋಚದಿಂದ. "ಇನ್ನು ಅವರಿಗೆ ಬೇಕಾಗಲ್ಲ ಅಂತ. ನಡಿಯೋದು ಇನ್ನು..."

"ಸರಿ," ಎಂದಳು ಲೋರ್ನಾ.

ಬಸ್ಸಿನಲ್ಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಯಾರೋ ಅವುಗಳಿಗೆ ಪಾಲಿಶ್ ಮಾಡಿದ್ದರು. ಕೋಣೆಗೆ ಬಂದು, ಕೋಟು ತೆಗೆಯದೆ, ಅವುಗಳನ್ನು ಎಲ್ಲಿಡಲಿ ಎಂದು ಸುತ್ತ ನೋಡಿದಳು. ಬಾಗಿಲ ಬಳಿ ಇಟ್ಟಳು. ಹೊರಗೆ ಹೋಗಲು ಸಿದ್ಧನಾದವನ ಶೂಗಳಂತೆ ಕಂಡವು. ಅಲ್ಲಿಂದ ತೆಗೆದು ಕಪಾಟಿನ ಮೇಲಿಟ್ಟಳು, ಅದೂ ಸರಿಯೆನಿಸಲಿಲ್ಲ. ಕೊನೆಗೆ ಚೀಲಕ್ಕೇ ತಿರುಗಿ ಹಾಕಿ, ಬಾಯಿ ಗಂಟು ಕಟ್ಟಿ, ಮೇಜಿನ ಮೇಲೆ ಬಿಟ್ಟು, ಎದುರಿಗೆ ಕೂತಳು. ಕೆಳಗೆ ಹೋಟೆಲಿನವನು ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿಡುತ್ತಿದ್ದ ಸದ್ದು ಕೇಳುತ್ತಿತ್ತು. ಚಹಾಕ್ಕೆ ನೀರಿಡಬೇಕು ಎಂದುಕೊಂಡಳು. ಕತ್ತಲಾದ ಮೇಲೂ ಎದ್ದು ದೀಪ ಹಾಕಲಿಲ್ಲ.